ಚಕ್ರಕ್ಕೆ ಮೊಸರನ್ನ

ಕೋಟೆ ಬೀದಿಯಲ್ಲಿ ಒಂದು ಹೆಂಚಿನ ಮನೆ. ಹೊಳೆಯ ನೀರನ್ನು ದಿಬ್ಬದ ಮೇಲಿನ ಕೋಟೆಗೆ ಹತ್ತಿಸಿದವರಿಗೆ ಅದು ಸೇರುತ್ತದೆ ಅಂತ ಕೊಳಲಗಿರಿಯ ರಾಜ ಡಂಗುರ ಹೊಡೆಸಿದ್ದ. ಕೇಳಿ ಮಕ್ಕಳೇ, ಆ ರಾಜ್ಯದಲ್ಲಿ ಮೌನೇಶ ಅನ್ನೋ ಬಡಗಿ ಇದ್ದ. ಹೆಂಡತಿ ಕಾಳಮ್ಮ ತುಂಬು ಬಸುರಿ, ಗುಡಿಸಲು ಸೋರುತ್ತಿತ್ತು. ಆ ಮನೆ ಅವನಿಗೆ ಬೇಕೇ ಬೇಕಿತ್ತು.

ಹಗ್ಗಕ್ಕೆ ಗಡಿಗೆ ಪೋಣಿಸಿ ದೊಡ್ಡ ಚಕ್ರದ ಮೇಲೆ ಹಾಯಿಸಿದ. ತಿರುಗಿಸಿದರೆ ಗಡಿಗೆ ಒಡೆದವು. ದಲ್ಲಾಳಿ ಭರಮಣ್ಣ ಬಂದ. ಏಳು ಸಮುದ್ರದಾಚೆ ತನಗೊಬ್ಬ ಗುರು ಇದ್ದಾನೆ, ಕೇಳಿ ಬರುತ್ತೇನೆ, ಅದಕ್ಕೆ ಬದಲು ಬರಲಿರುವ ಮನೆಯ ಜಗಲಿ ಮಾತ್ರ ತನಗೆ ಬರೆದುಕೊಡು ಅಂದ. ಮೌನೇಶ ಒಪ್ಪಿದ. ಗಡಿಗೆಯ ಕಂಠ ದಪ್ಪಗಿರಲಿ ಅಂತ ಉತ್ತರ ಬಂತು, ಗಡಿಗೆ ತಾಳಿದವು. ಆಮೇಲೆ ಹಗ್ಗ ಹರಿಯಿತು. ಭರಮಣ್ಣ ಹಿತ್ತಲು ಬರೆಸಿಕೊಂಡ. ಕತ್ತಾಳೆ ನಾರು ಹೊಸೆ ಅಂತ ಉತ್ತರ ಬಂತು, ಹಗ್ಗ ತಾಳಿತು. ಮೂರನೆಯ ಸಲ ಚಕ್ರದ ಅಚ್ಚು ಬಿಗಿದುಕೊಂಡಿತು. ಹಚ್ಚಿದ ಎಣ್ಣೆಯೆಲ್ಲ ನೀರಿಗೆ ಹೋಗುತ್ತಿತ್ತು. ಭರಮಣ್ಣ ನಡುಮನೆ ಕೇಳಿದ.

"ಇನ್ನು ನಮಗೆ ಉಳಿಯೋದು ಒಲೆ ಒಂದೇ," ಅಂದಳು ಕಾಳಮ್ಮ. "ಅವನಿಗೆ ಹೂಂ ಅನ್ನಬೇಡ. ಕೂಟಕ್ಕೆ ಹೋಗಿ ಬಾ."

ವರ್ಷಕ್ಕೊಮ್ಮೆ ಛತ್ರದಲ್ಲಿ ಯಂತ್ರಗಾರರ ಕೂಟ. ಎಲ್ಲರೂ ತಂತಮ್ಮ ಯಂತ್ರಕ್ಕೆ ಕಂಬಳಿ ಹೊದಿಸಿ, ಪಕ್ಕದವರಿಗೆ ಬೆನ್ನು ಹಾಕಿ ಕೂರುವರು. ಮಾತಾಡಿದರೆ ವಿದ್ಯೆ ಕದಿಯುತ್ತಾರೆ ಅಂತ ಹೇಳಿಕೊಟ್ಟವನು ಭರಮಣ್ಣನೇ. ಮೌನೇಶನೂ ಹಾಗೇ ಕೂತ. ಆದರೆ ಊಟದ ಪಂಕ್ತಿಯಲ್ಲಿ ಬೆನ್ನು ಹಾಕಿ ಕೂರೋಕಾಗುತ್ತದೆಯೇ? ತುತ್ತು ಯಾಕಪ್ಪ ಇಳಿಯುತ್ತಿಲ್ಲ ಅಂತ ಪಕ್ಕದ ಎಲೆಯ ಕುಂಬಾರರ ಗುಂಡವ್ವ ಕೇಳಿದಳು. ಅವನು ಸಂಕೋಚ ಬಿಟ್ಟು ಎಲ್ಲ ಹೇಳಿಕೊಂಡ.

"ದಪ್ಪ ಕಂಠ ನನ್ನ ಮಾತು ಕಣಪ್ಪ. ಸೇರು ರಾಗಿ ಕೊಟ್ಟು ಭರಮಣ್ಣ ಕೇಳ್ಕೊಂಡು ಹೋದ," ಅಂದಳು ಗುಂಡವ್ವ.

ಎದುರು ಕೂತಿದ್ದ ತಿರುಕಪ್ಪ ಹಗ್ಗ ಹೊಸೆಯುವವನು. ಕತ್ತಾಳೆ ನಾರು ಅವನ ಮಾತು. ಆಚೆ ಎಲೆಯ ಗಾಣದ ಚೆನ್ನವೀರ ನಕ್ಕ. "ಏಳು ಸಮುದ್ರ ಅಂದ್ರೆ ನಮ್ಮ ಕೇರಿಯೇ ಅನ್ನು." ಹರಳೆಣ್ಣೆಗೆ ಜೇನುಮೇಣ ಕೂಡಿಸಿ ಕಾಯಿಸಿ ಹಚ್ಚು, ನೀರಿಗೆ ಹೋಗುವುದಿಲ್ಲ ಅಂತಲೂ ಹೇಳಿಕೊಟ್ಟ. ಗುಂಡವ್ವ ಇನ್ನೂ ಮುಟ್ಟದ ತನ್ನ ಹೋಳಿಗೆಯನ್ನು ಬಸುರಿಗೆ ಅಂತ ಅವನ ಹೆಗಲ ವಲ್ಲಿಯಲ್ಲಿ ಕಟ್ಟಿದಳು. ಎಲೆ ಎತ್ತುವ ಮುಂಚೆ ನಾಲ್ವರೂ ಒಂದು ಮಾತು ಮಾಡಿಕೊಂಡರು.

ಮರುದಿನ ಮೌನೇಶ ಭರಮಣ್ಣನ ಬಳಿ ಹೋಗಿ, ಅಚ್ಚು ಹೇಗೋ ಸರಿಹೋಯಿತು, ಈಗ ಚಕ್ರಕ್ಕೆ ಸೀನು ಹತ್ತಿದೆ ಅಂದ. ಯಂತ್ರದ ಗಂಧ ಭರಮಣ್ಣನಿಗೆಲ್ಲಿ? ಗುಂಡವ್ವನನ್ನು ಕೇಳಿದ: ಮೊಸರನ್ನ ತಿನ್ನಿಸು ಅಂದಳು. ತಿರುಕಪ್ಪನನ್ನು ಕೇಳಿದ: ಮೊಸರನ್ನ. ಚೆನ್ನವೀರನೂ ಅದನ್ನೇ ಅಂದ. ಮೂವರೂ ಒಂದೇ ಹೇಳಿದ ಮೇಲೆ ಭರಮಣ್ಣ ಪೂರಾ ನಂಬಿದ.

ರಾಜನೆದುರು ನೀರು ಕೋಟೆಗೆ ಹತ್ತಿತು. ವಿದ್ಯೆ ತನ್ನ ಗುರುವಿನದು ಅಂತ ಭರಮಣ್ಣ ಜಗಲಿ, ಹಿತ್ತಲು ಕೇಳಿದ. ಹಾಗಾದರೆ ಸೀನಿಗೆ ಗುರು ಏನು ಹೇಳಿದರು ಅಂತ ಮೌನೇಶ ಮೆಲ್ಲಗೆ ಕೇಳಿದ.

"ಚಕ್ರಕ್ಕೆ ಮೊಸರನ್ನ ತಿನ್ನಿಸಬೇಕು, ಮಹಾಸ್ವಾಮಿ. ಅದು ಗುರುವಿನ ಅಪ್ಪಣೆ."

ಸಭೆ ಬಿದ್ದು ಬಿದ್ದು ನಕ್ಕಿತು. ಗುಂಡವ್ವ ಕೈಮುಗಿದಳು. "ಆ ಗುರು ನಾವೇ, ಬುದ್ಧಿ."

ರಾಜ ಕರಾರು ಹರಿದು ಹಾಕಿ, ಭರಮಣ್ಣನನ್ನು ಕೂಟದ ಪಂಕ್ತಿಗೆ ಬಡಿಸಲು ಇಟ್ಟ.

ಕೂಟಕ್ಕೆ ಹೋದವರು ಪಕ್ಕದವರಿಗೆ ತಮ್ಮ ತೊಡಕು ಹೇಳಬೇಕು, ಅವರದ್ದೂ ಕೇಳಬೇಕು. ಮುಚ್ಚಿಟ್ಟ ವಿದ್ಯೆಯ ಲಾಭ ದಲ್ಲಾಳಿಗೆ. ಮೌನೇಶನಿಗೆ ದಕ್ಕಿದ್ದು ಇಷ್ಟು: ಜಗಲಿಯಿಂದ ಹಿತ್ತಲವರೆಗೆ ಪೂರಾ ಮನೆ, ಬಾಣಂತಿಯ ನೀರಿಗೆ ಗುಂಡವ್ವನ ಹರವಿ, ತೊಟ್ಟಿಲಿಗೆ ತಿರುಕಪ್ಪನ ಹಗ್ಗ, ಕೂಸಿನ ನೆತ್ತಿಗೆ ಚೆನ್ನವೀರನ ಹರಳೆಣ್ಣೆ.