ಮೂರನೆಯ ಪೆಟ್ಟಿನ ಗುಡ್ಡ

ಸ್ಪೇನ್ ದೇಶದ ನಡುಭಾಗದ ಬಯಲಿನಲ್ಲಿ ವಾಲ್ದೊರೇನ ಎಂಬ ಪುಟ್ಟ ಹಳೆಯ ಊರಿದೆ. ಮುನ್ನೂರು ಮನೆ, ಮುರುಕಲು ಕೋಟೆ, ಒಂದು ಇಗರ್ಜಿ, ಸುತ್ತ ಗೋಧಿ ಹೊಲ ಮತ್ತು ಬಾದಾಮಿ ತೋಪು. ದಕ್ಷಿಣಕ್ಕೆ ಒಂದು ಬೋಳುಗುಡ್ಡ; ಹೆಸರು ತೆರ್ಸೇರ. ಅವರ ಭಾಷೆಯಲ್ಲಿ ಹಾಗೆಂದರೆ ಮೂರನೆಯದು. ಮೂರು ಗುಡ್ಡಗಳ ಸಾಲಿನಲ್ಲಿ ಇದು ಕೊನೆಯದೆಂದು ಪ್ರವಾಸಿಗರಿಗೆ ಹಂಚುವ ಕೈಪಿಡಿಯಲ್ಲಿ ಅಚ್ಚಾಗಿದೆ. ಬರೆದ ಪುಣ್ಯಾತ್ಮ ಊರಿಗೆ ಬಂದೇ ಇರಲಾರ. ನಾನು ಸುತ್ತಲೂ ತಿರುಗಿ ನೋಡಿದ್ದೇನೆ, ಅಲ್ಲಿರುವುದು ಒಂದೇ ಗುಡ್ಡ. ನಿಜ ಸಂಗತಿ ತಿಳಿದದ್ದು ನಾನು ತಂಗಿದ್ದ ಮನೆಯ ಒಡತಿ ರೆಮೇದಿಯೊಸ್ ಅಜ್ಜಿಯಿಂದ. ಇಗರ್ಜಿಯ ಗಂಟೆ ಬಾರಿಸುವುದು ತಲೆತಲಾಂತರದಿಂದ ಆಕೆಯ ಮನೆತನದ ಕೆಲಸ. ನನ್ನ ಹರಕು ಸ್ಪ್ಯಾನಿಷ್ ಕೇಳಿ ನಕ್ಕು ನಕ್ಕು ಸುಸ್ತಾಗುತ್ತಿದ್ದ ಅಜ್ಜಿ, ಗುಡ್ಡದ ಮಾತು ಬಂದಾಗ ಮಾತ್ರ ನಗಲಿಲ್ಲ. ತಪ್ಪು ನಮ್ಮ ಮನೆಯದೇ ಎಂದು ಮೊದಲೇ ಹೇಳಿಬಿಟ್ಟು ಶುರುಮಾಡಿದರು.

ಹಿಂದೆ, ಇಲ್ಲಿನ ಕುರಿಮಂದೆಗಳು ಚಳಿಗಾಲಕ್ಕೆ ತೆಂಕಣ ಸೀಮೆಗೆ ನಡೆದು ಹೋಗಿ ಬೇಸಿಗೆಗೆ ನಡೆದೇ ಮರಳುತ್ತಿದ್ದ ಕಾಲದಲ್ಲಿ, ಹಸಿಂತೊ ಎಂಬ ಕುರಿಗಾಹಿಯಿದ್ದ. ಹೆಂಡತಿ ಬ್ರಿಹಿದ. ಒಂದು ವರ್ಷ ಅವನು ಹೊರಟಾಗ ಆಕೆ ತುಂಬು ಬಸುರಿ. ಹೆರಿಗೆಯಾಯಿತು, ಬಾಣಂತಿ ಜ್ವರ ಹಿಡಿದು ಮಲಗಿದ್ದಾಳೆ ಎಂಬ ಸುದ್ದಿ ದಾರಿಹೋಕರ ಬಾಯಿಂದ ಅವನಿಗೆ ಮುಟ್ಟಿತು. ಜ್ವರ ಬಿಟ್ಟಿತೆಂಬ ಸುದ್ದಿ ಮುಟ್ಟಲಿಲ್ಲ. ಯಜಮಾನನ ಮಂದೆಯನ್ನು ನಡುದಾರಿಯಲ್ಲಿ ಬಿಟ್ಟು ಓಡುವಂತಿರಲಿಲ್ಲ. ಕುರಿಗಳ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಆಕೆಯೊಬ್ಬಳು ಬದುಕಿರಲಿ ಎಂದು ಸಿಕ್ಕ ಸಿಕ್ಕ ಇಗರ್ಜಿಗೆಲ್ಲ ಹರಕೆ ಹೊರುತ್ತ ಬಂದ.

ಆ ಊರಲ್ಲಿ ಸಾವಿನ ಗಂಟೆಗೆ ಒಂದು ಕಟ್ಟಳೆಯಿತ್ತು. ಗಂಡಸು ಸತ್ತರೆ ಮೂರು ಪೆಟ್ಟು, ಹೆಂಗಸಾದರೆ ಎರಡು. ಹೊಲದಲ್ಲಿದ್ದವರು ಎಣಿಸಿಯೇ ಯಾರಿರಬಹುದೆಂದು ಊಹಿಸುತ್ತಿದ್ದರು. ಹಸಿಂತೊ ತನ್ನ ಜೊತೆಗಾರನೊಡನೆ ಗುಡ್ಡದ ನೆತ್ತಿಗೆ ಬಂದ ಬೆಳಿಗ್ಗೆ ಗಂಟೆ ಬಾರಿಸುತ್ತಿದ್ದವನು ಅಜ್ಜಿಯ ಮನೆತನದ ಮುದುಕ ತೋಮೆ. ಸತ್ತವನು ಅವನ ಒಬ್ಬನೇ ಮಗ. ಬೇರೆ ಯಾರಾದರೂ ಬಾರಿಸಲಿ ಎಂದರೂ ಕೇಳದೆ ತಾನೇ ಹಗ್ಗ ಹಿಡಿದಿದ್ದ. ಒಂದು ಎಳೆದ, ಎರಡು ಎಳೆದ. ಮೂರನೆಯದಕ್ಕೆ ಕೈ ಏಳಲಿಲ್ಲ. ಅದನ್ನೂ ಹೊಡೆದರೆ ಮಗ ಸತ್ತದ್ದು ನಿಜವಾಗಿಬಿಡುತ್ತದೆ ಎಂದು ಹಗ್ಗಕ್ಕೆ ಹಣೆ ಒತ್ತಿ ಕೂತುಬಿಟ್ಟ ಎನ್ನುತ್ತಾರೆ. ಹೆತ್ತ ಕರುಳು, ಅವನನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಗುಡ್ಡದ ಮೇಲೆ ಹಸಿಂತೊ ಎರಡು ಎಣಿಸಿದ, ಕಾದ. ಮತ್ತೆ ಸದ್ದಿಲ್ಲ. ಸತ್ತವಳು ತನ್ನ ಬ್ರಿಹಿದಳೇ ಎಂದು ನಿಶ್ಚಯಿಸಿಬಿಟ್ಟ. ಊರಲ್ಲಿ ಬೇರೆ ಹೆಂಗಸರಿಲ್ಲವೇ, ಇಳಿದು ನೋಡೋಣ ಬಾ ಎಂದು ಜೊತೆಗಾರ ಪರಿಪರಿಯಾಗಿ ಹೇಳಿದ.

"ಅವಳಿಲ್ಲದ ಮನೆ ನೋಡುವ ಶಕ್ತಿ ನನಗಿಲ್ಲ. ಮಂದೆ ನೀನೇ ಒಪ್ಪಿಸು," ಎಂದವನೇ ಹಸಿಂತೊ ಬಂದ ದಾರಿಯಲ್ಲೇ ತಿರುಗಿ ನಡೆದ.

ಜೊತೆಗಾರ ಕುರಿ ಹೊಡೆದುಕೊಂಡು ಊರಬಾಗಿಲಿಗೆ ಬಂದರೆ, ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬ್ರಿಹಿದ ನಿಂತಿದ್ದಳು. ಅವನೆಲ್ಲಿ ಎಂದು ಕೇಳಿದಳು. ನಡೆದದ್ದು ತಿಳಿದದ್ದೇ ಕೂಸನ್ನು ಜೊತೆಗಾರನ ಕೈಗೆ ಹಾಕಿ ಗುಡ್ಡಕ್ಕೆ ಓಡಿದಳು, ಗಂಟಲು ಹರಿಯುವಂತೆ ಕೂಗಿದಳು. ಇಳಿದು ಬಂದು ಗೋಪುರ ಹತ್ತಿ, ತೋಮೆಯ ಕೈಯಿಂದ ಹಗ್ಗ ಬಿಡಿಸಿಕೊಂಡು ಮೂರನೆಯ ಪೆಟ್ಟನ್ನು ತಾನೇ ಹೊಡೆದಳು. ಆಮೇಲೆ ಅಂಗೈ ಕಿತ್ತು ರಕ್ತ ಬರುವವರೆಗೂ ಮೂರು ಮೂರಾಗಿ ಹೊಡೆಯುತ್ತಲೇ ಇದ್ದಳು. ಹಸಿಂತೊ ಮರಳಲಿಲ್ಲ. ಅವನು ಕೇಳದೆ ಹೋದ ಪೆಟ್ಟಿನ ಹೆಸರೇ ಗುಡ್ಡಕ್ಕೆ ಬಿತ್ತು.

ಬ್ರಿಹಿದ ಬಹಳ ಕಾಲ ಬದುಕಿದಳು. ಕೊನೆಗಾಲದಲ್ಲಿ ಪಾದ್ರಿಯನ್ನು ಕರೆಸಿ, "ನನಗೂ ಮೂರೇ ಹೊಡೆಸಿ ಸ್ವಾಮಿ. ಎರಡು ಕೇಳಿದರೆ ಅವನು ಮತ್ತೆ ತಿರುಗಿ ಹೋದಾನು," ಎಂದಳಂತೆ. ಅಂದಿನಿಂದ ವಾಲ್ದೊರೇನದಲ್ಲಿ ಗಂಡಸಿಗೂ ಹೆಂಗಸಿಗೂ ಮೂರೇ ಪೆಟ್ಟು. ಸತ್ತವರು ಯಾರೆಂದು ತಿಳಿಯಬೇಕಾದವರು ಊರೊಳಗೆ ಬಂದೇ ತಿಳಿಯಬೇಕು.

ಹೊರಡುವ ಮುನ್ನ ನಾನೂ ಗುಡ್ಡ ಹತ್ತಿದೆ. ಕುರಿಗಳು ನಡೆಯುತ್ತಿದ್ದ ದಾರಿಯ ತುಂಬ ಈಗ ಮುಳ್ಳುಪೊದೆ. ನೆತ್ತಿಯಲ್ಲಿ ನಿಂತರೆ ಮನೆಗಳ ಹೊಗೆಗೂಡು, ಒಣಗಲು ಹಾಕಿದ ಬಟ್ಟೆ ಎಲ್ಲ ಕಾಣುತ್ತವೆ. ಇಳಿಯಲು ಅರ್ಧ ಗಂಟೆಯೂ ಬೇಡ. ಅಷ್ಟು ದೂರದಿಂದ ನಡೆದು ಬಂದವನು ಇದೊಂದಿಷ್ಟು ನಡೆಯಲಿಲ್ಲವಲ್ಲ.