ಒಡಪು ಕದ್ದ ಭಾಮೈದ

ಏಳು ಊರಿನಾಚೆ ಒಂದು ರಾಜ್ಯವಿತ್ತು ಮಕ್ಕಳೇ. ಅಲ್ಲಿಯ ರಾಜನಿಗೆ ತಲೆಯ ಮೇಲೆ ಕಿರೀಟ, ಕೈಯಲ್ಲಿ ಮೊಬೈಲು. ಸೇವಕರು ಒಂದು ಕೈಯಲ್ಲಿ ಚಾಮರ ಬೀಸುತ್ತಾ ಇನ್ನೊಂದರಲ್ಲಿ ರೀಲ್ಸ್ ನೋಡುತ್ತಿದ್ದರು. ಆದರೂ ಹಳೆಯ ಪದ್ಧತಿ ಒಂದು ಉಳಿದಿತ್ತು. ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುತ್ತಿರಲಿಲ್ಲ. ಪ್ರಾಸ ಕಟ್ಟಿ, ಒಡಪಿನೊಳಗಿಟ್ಟು ಹೇಳುತ್ತಿದ್ದರು.

ಅರಮನೆಯ ಹಿತ್ತಿಲಲ್ಲಿ ಹೂ ಕಟ್ಟುವ ಬಸಲಿಂಗವ್ವನ ಒಡಪೆಂದರೆ ಎಲ್ಲರಿಗೂ ಇಷ್ಟ. ಅವಳ ಗಂಡ ಫಕೀರಪ್ಪ ಕುದುರೆ ಲಾಯದವನು.

ರಾಜನ ಭಾಮೈದ ಚೆನ್ನವೀರನಿಗೆ ಉಂಡು ಮಲಗುವುದೇ ಕೆಲಸ, ಕವಿ ಅನ್ನಿಸಿಕೊಳ್ಳುವುದೇ ಚಪಲ. ಅವನು ಅವಳ ಹೂಬುಟ್ಟಿಯ ತಳದಲ್ಲಿ ಮೊಬೈಲು ಬಚ್ಚಿಟ್ಟ. ಕಿವಿಗೆ ಅಲ್ಲಿಯ ಮಾತು ಕೇಳಿಸುವ ಗುಂಡಿಯಷ್ಟು ಯಂತ್ರ ಸಿಕ್ಕಿಸಿ, ಮೇಲೆ ಪೇಟ ಎಳೆದುಕೊಂಡು ದರ್ಬಾರಿನಲ್ಲಿ ಕುಳಿತ.

ಮೊದಲ ದಿನ ಬಸಲಿಂಗವ್ವ ಅಂದಳು:

"ಮೊಗ್ಗಿದ್ದಾಗ ಬಾಯಿ ಬಿಡದು ಮಲ್ಲಿಗೆ ನೋಡಪ್ಪ,
ಸಿಟ್ಟಿದ್ದಾಗ ಬಾಯಿ ಬಿಡರು ನಮ್ಮ ಫಕೀರಪ್ಪ."

ಕೊನೆಯ ಹೆಸರು ತೆಗೆದು 'ದೊರೆಯಪ್ಪ' ಅಂತ ಹಾಕಿ ಚೆನ್ನವೀರ ಅದನ್ನೇ ಒಪ್ಪಿಸಿದ. ರಾಜ ಶಾಲು ಹೊದಿಸಿದ.

ಎರಡನೆಯ ದಿನ ಅವಳು ಅಂದಳು:

"ಚಾರ್ಜಿಲ್ಲದೆ ಮೊಬೈಲು ಏಳೋದಿಲ್ಲಪ್ಪ,
ಚಹಾ ಇಲ್ಲದೆ ಏಳೋದಿಲ್ಲ ನಮ್ಮ ಫಕೀರಪ್ಪ."

ಅದೂ ದೊರೆಯ ಪಾಲಾಯಿತು. ರಾಜ ಕಡಗ ತೊಡಿಸಿ ಹೇಳಿದ: "ನಾಳೆಯದೂ ಮೆಚ್ಚಿಗೆಯಾದರೆ ರಾಜ್ಯದ ಒಡಪೆಲ್ಲ ನಿನ್ನವು. ಮದುವೆ ಮನೆಯಲ್ಲೂ ನಿನ್ನ ಅಪ್ಪಣೆಯಿಲ್ಲದೆ ಯಾರೂ ಹೇಳಕೂಡದು."

ದರ್ಬಾರಿನ ವಿಡಿಯೊ ಹಿತ್ತಿಲಿನ ಮೊಬೈಲುಗಳಿಗೂ ಬಂತು.

"ಬಸಲಿಂಗಿ, ನಿನ್ನ ಗಂಡನ ಚಹಾ ದೊರೆ ಕುಡಿದುಬಿಟ್ಟನಲ್ಲೇ," ಅಂದಳು ಮುದುಕಿ ಶಾಂತವ್ವ.

ಬಸಲಿಂಗವ್ವ ಕಟ್ಟುತ್ತಿದ್ದ ಮಾಲೆ ಕೆಳಗಿಟ್ಟಳು. ನಾಳೆಯಿಂದ ತನ್ನ ಗಂಡನ ಹೆಸರು ಹೇಳಲು ಈ ಸೋಮಾರಿಯ ಅಪ್ಪಣೆ ಬೇಕೇ? ಎರಡೂ ಒಡಪು ಹೇಳಿದ್ದು ಹೂಬುಟ್ಟಿಯ ಪಕ್ಕದಲ್ಲೇ ಅಂತ ನೆನಪಾಗಿ ಬುಟ್ಟಿ ಕೆದಕಿದಳು. ಮೊಬೈಲು ಸಿಕ್ಕಿತು. ಅದನ್ನು ಅಲ್ಲೇ ಬಿಟ್ಟು, ತಮ್ಮ ಮಾತು ಕೇಳದಂತೆ ಬುಟ್ಟಿಯನ್ನು ದೂರವಿಟ್ಟು ಬಂದಳು.

"ಬಾವಿಗೆ ಎಸೆಯೇ," ಅಂದಳು ಶಾಂತವ್ವ.

"ಬೇಡ ಅತ್ತೆ. ಕೇಳುವವನು ಕೇಳಲಿ."

ಮೂರನೆಯ ದಿನ ಬುಟ್ಟಿಯ ಪಕ್ಕದಲ್ಲೇ ಕುಳಿತು, ಕೊನೆಗೆ ಬರಬೇಕಾದ ಹೆಸರನ್ನು ಮೊದಲಿಗೇ ಇಟ್ಟಳು. ದರ್ಬಾರಿನಲ್ಲಿ ಚೆನ್ನವೀರನ ನಾಲಿಗೆ, ಹೆಸರು ಬದಲಿಸಲು ಪುರಸೊತ್ತಿಲ್ಲದೆ, ಅವನ ಕಿವಿಯ ಹಿಂದೆಯೇ ಓಡಿತು:

"ಫಕೀರಪ್ಪನವರ ಕೈ ಹಿಡಿದು ಸೀರೆಯುಟ್ಟು ಬಂದೆ,
ಸೇರಕ್ಕಿ ಒದ್ದು ಅವರ ಮನೆ ತುಂಬಿದೆ ನಾನಂದೇ."

ಬಾಗಿಲಲ್ಲಿ ಕುದುರೆ ಹಿಡಿದು ನಿಂತಿದ್ದ ಫಕೀರಪ್ಪ ಕೈ ಮುಗಿದ. "ದೊರೆ, ನನಗೆ ಆಗಲೇ ಒಬ್ಬಳಿದ್ದಾಳೆ. ಅವಳೇ ಸಾಕಾಗಿದ್ದಾಳೆ."

ರಾಜ ಎದ್ದು ಭಾಮೈದನ ಪೇಟ ತೆಗೆದ. ಕಿವಿಯ ಯಂತ್ರವನ್ನು ತನ್ನ ಕಿವಿಗಿಟ್ಟುಕೊಂಡ. ಹಿತ್ತಿಲಿನ ಹೆಂಗಸರ ನಗು ಕೇಳಿಸಿತು.

"ಗಂಡನ ಹೆಸರು ಹೇಳಿದ ಮೇಲೆ ಗಂಡನ ಮನೆ ಸೇರಬೇಕಲ್ಲ ಭಾಮೈದ," ಅಂದ ರಾಜ. "ಫಕೀರಪ್ಪನ ಲಾಯಕ್ಕೆ ನಡಿ, ಲದ್ದಿ ಬಾಚು."

ಶಾಲು, ಕಡಗ ಬಸಲಿಂಗವ್ವನ ಮನೆಗೆ ಹೋದವು. ಒಡಪುಗಳು ಅವರವರ ಬಾಯಲ್ಲೇ ಉಳಿದವು.

ನೀತಿ ಇಷ್ಟೆ ಮಕ್ಕಳೇ: ಕದ್ದ ಮಾತು ಕದ್ದವನ ಮಾನ ಕಾಯುವುದಿಲ್ಲ. ಪ್ರಾಸ ತಪ್ಪಿದರೂ ಚಿಂತೆಯಿಲ್ಲ, ನಿಮ್ಮದನ್ನೇ ಹೇಳಿ.