ಎದುರಿನ ಸಾಲು

"ಗುರುಗಳೇ, ಕರೆದವನು ಎಷ್ಟು ಕಾಲ ಕಾಯಬೇಕು?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ದಿನಕ್ಕೆ ಮೂರು ಹೊತ್ತು ದೇವರನ್ನು ಹೆಸರು ಹಿಡಿದು ಕರೆಯುತ್ತಿದ್ದ. ಓ ಎಂದವರಿಲ್ಲ. ಗಂಟುಮೂಟೆ ಕಟ್ಟಿಟ್ಟುಕೊಂಡೇ ಈ ಪ್ರಶ್ನೆ ಕೇಳುತ್ತಿದ್ದಾನೆ ಎಂಬುದು ಗುರುಗಳಿಗೆ ಗೊತ್ತಿತ್ತು. ಉತ್ತರ ಹಿಡಿಸದಿದ್ದರೆ ನಾಳೆ ಬೆಳಿಗ್ಗೆ ಹೊರಡುವವನು.

ಗುರುಗಳು ಊಟಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದರು. ಕಡ್ಡಿ ಚುಚ್ಚುವುದನ್ನು ನಿಲ್ಲಿಸಲಿಲ್ಲ. "ಕೂತುಕೋ. ಹೋಗುವವನ ಹೆಗಲಿಗೆ ಒಂದು ಕತೆ ಭಾರವಾಗುವುದಿಲ್ಲ" ಎಂದು ಹೇಳತೊಡಗಿದರು.

ಒಬ್ಬ ಹಾಡುಗಾರನಿದ್ದ. ಹಾಡು ಕಟ್ಟುವವನೂ ಅವನೇ, ಹಾಡುವವನೂ ಅವನೇ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದಳು. ಅಕ್ಕ ಸಾಕಿದಳು. ಅಕ್ಕನಿಗಾದರೂ ಆಗ ಎಷ್ಟು ವಯಸ್ಸು? ಹನ್ನೆರಡೋ ಹದಿಮೂರೋ. ನಾಲ್ಕು ಮನೆಯ ರಾಗಿ ಬೀಸಿಕೊಟ್ಟು ತಮ್ಮನ ಹೊಟ್ಟೆ ತುಂಬಿಸುತ್ತಿದ್ದಳು.

ಬೀಸುವ ಕಲ್ಲಿಗೆ ಇರುವುದು ಒಂದೇ ಗೂಟ. ಎದುರುಬದುರು ಕೂತ ಇಬ್ಬರೂ ಅದನ್ನೇ ಹಿಡಿದು ತಿರುಗಿಸಬೇಕು. ಹಾಡಿಗೂ ಹಾಗೆಯೇ ಇಬ್ಬರು ಬೇಕು. ಒಬ್ಬರು ಒಂದು ಸಾಲು ಹೇಳಿದರೆ, ಎದುರಿಗೆ ಕೂತವರು ಅದಕ್ಕೆ ಓಗೊಟ್ಟು ಇನ್ನೊಂದು ಸಾಲು ಎತ್ತಿಕೊಳ್ಳಬೇಕು. ಎತ್ತಿಕೊಳ್ಳದಿದ್ದರೆ ಕಲ್ಲು ಭಾರವಾಗುತ್ತದೆ ಎಂದು ಬೀಸುವವರು ಹೇಳುತ್ತಾರೆ. ಬೀಸಿ ನೋಡಿದವರು ಅದನ್ನು ಸುಳ್ಳೆನ್ನುವುದಿಲ್ಲ.

ಮೊದಲ ಸಾಲು ಯಾವಾಗಲೂ ತಮ್ಮನದು. ಮುದ್ದಿನ ತಮ್ಮ, ಹಟ ಮಾಡಿ ಇಸಿದುಕೊಂಡಿದ್ದ. ಎರಡನೆಯದು ಅಕ್ಕನದು. ಕೋಳಿ ಕೂಗುವ ಹೊತ್ತಿಗೆ ಅವನು ಕಣ್ಣುಜ್ಜಿಕೊಳ್ಳುತ್ತ ಬಂದು ಕೂತು,

"ಬೆಳ್ಳಿ ಮೂಡೋ ಹೊತ್ತಿಗೆ ಬರುವೋರು ಯಾರಕ್ಕ?"

ಎಂದು ಎತ್ತರದ ದನಿಯಲ್ಲಿ ತೆಗೆಯುತ್ತಿದ್ದ. ಕಲ್ಲು ಒಂದು ಸುತ್ತು ಬರುವುದರೊಳಗೆ ಅವಳು,

"ಹಲ್ಲುಜ್ಜದ ನನ ತಮ್ಮ ಬರುತಾನೆ ಕಾಣಣ್ಣ"

ಎಂದು ಎತ್ತಿಕೊಳ್ಳುತ್ತಿದ್ದಳು. ಅವನು ನಕ್ಕು ನಕ್ಕು ಗೂಟ ಬಿಟ್ಟುಬಿಡುತ್ತಿದ್ದ. ಒಂದು ದಿನ ಹೇಳಿದ್ದನ್ನು ಅವಳು ಮತ್ತೊಂದು ದಿನ ಹೇಳಿದವಳಲ್ಲ. ಇವತ್ತು ಏನು ಹೇಳುತ್ತಾಳೋ ಎಂದು ಕಾಯುವುದೇ ಅವನಿಗೆ ಹಬ್ಬ. ಲೋಕದಲ್ಲಿ ಅವನಿಗೆ ಬೇಕಾದ ಸುಖವೆಲ್ಲ ಕಲ್ಲಿನ ಆ ಒಂದು ಸುತ್ತಿನಲ್ಲಿ ಇತ್ತು.

ಅವನಿಗೆ ಹದಿನಾರು ತುಂಬಿದಾಗ ಅರಮನೆಯ ಅಧಿಕಾರಿಯೊಬ್ಬ ಆ ದಾರಿಯಲ್ಲಿ ಹೋಗುತ್ತಿದ್ದವನು ದನಿ ಕೇಳಿ ಬಂಡಿ ನಿಲ್ಲಿಸಿದ. ಮರುದಿನ ಹುಡುಗನನ್ನು ಬಂಡಿ ಹತ್ತಿಸಿಕೊಂಡು ರಾಜಧಾನಿಗೆ ಹೊರಟ. ಅದು ಒಂಬತ್ತು ದಿನದ ದಾರಿ.

ಅಲ್ಲಿಂದ ಮುಂದೆ ಹುಡುಗನ ಏಳಿಗೆಗೆ ಅಡ್ಡಿ ಎಂಬುದೇ ಇರಲಿಲ್ಲ. ಹಾಡಿನ ಎರಡೂ ಸಾಲನ್ನು ಈಗ ಅವನೇ ಕಟ್ಟಬೇಕಾಯಿತು. ಕಟ್ಟಿದ. ಆದರೆ ಮೊದಲ ಸಾಲು ಮುಗಿದ ಕೂಡಲೇ ಅವನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತು ಅವನು ಕಿವಿಗೊಟ್ಟು ಕೂತಿರುತ್ತಿದ್ದ. ಸಭೆಯಲ್ಲಿ ಸಾವಿರ ಜನರಿದ್ದರೂ ಎತ್ತಿಕೊಳ್ಳುವವರು ಒಬ್ಬರೂ ಇರಲಿಲ್ಲ. ಆಮೇಲೆ ಬೇರೆ ದಾರಿಯಿಲ್ಲದೆ ಎರಡನೆಯದನ್ನೂ ತಾನೇ ಹಾಡುತ್ತಿದ್ದ. ಆ ಸಾಲಿಗೆ ಬರುವಾಗ ಅವನ ದನಿ ತುಸು ಒಡೆದಿರುತ್ತಿತ್ತು.

ಜನ ಅದಕ್ಕೇ ಮರುಳಾದರು. ಅಗಸರು ಬಟ್ಟೆ ಒಗೆಯುವಾಗ ಅವನ ಹಾಡು, ಕುಂಬಾರರು ಮಣ್ಣು ತುಳಿಯುವಾಗ ಅವನ ಹಾಡು. ಸಾಲಿನ ನಡುವೆ ಅವರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಒಬ್ಬ ಪಂಡಿತ ಅದು ಪ್ರಾಣಾಯಾಮದ ಗುಟ್ಟು ಎಂದ. ಇನ್ನೊಬ್ಬ ಅದು ಶೂನ್ಯತತ್ತ್ವ ಎಂದು ಮೂರು ದಿನ ವ್ಯಾಖ್ಯಾನ ಮಾಡಿದ. ಅವನ ಬಳಿ ಕಲಿಯಲು ಬಂದವರು ಬೆರಳು ಮಡಿಸಿ ಎಣಿಸಿಕೊಂಡು ಅಷ್ಟೇ ಹೊತ್ತು ಸುಮ್ಮನಿರುವುದನ್ನು ಅಭ್ಯಾಸ ಮಾಡಿದರು. ಹಾಡಲು ಬಾರದವರಿಗೂ ಸುಮ್ಮನಿರುವುದು ಚೆನ್ನಾಗಿ ಬಂತು. ಹೀಗೆ ವಿದ್ಯೆ ನಾಡಿನಲ್ಲೆಲ್ಲ ಹರಡಿತು.

ಒಮ್ಮೆ ಅರಸನೇ ಕೇಳಿದ, "ಆ ಹೊತ್ತಿನಲ್ಲಿ ನಿಮಗೆ ಏನು ಕೇಳಿಸುತ್ತದೆ?"

"ಏನೂ ಕೇಳಿಸುವುದಿಲ್ಲ ಪ್ರಭು" ಎಂದ ಹಾಡುಗಾರ.

ಅದು ಅವನ ಎದೆಯ ದುಃಖ. ಅರಸ ಅದನ್ನು ವೇದಾಂತ ಎಂದುಕೊಂಡು ಅವನ ಕೈಗೆ ಚಿನ್ನದ ತೋಡ ತೊಡಿಸಿದ.

ಊರಿಗೆ ಹೋಗಬೇಕು ಎಂದು ಅವನಿಗೆ ದಿನವೂ ಅನ್ನಿಸುತ್ತಿತ್ತು. ಈ ವರ್ಷ ದಸರೆಯ ಸಭೆ ಮುಗಿಯಲಿ ಎಂದ. ಮುಂದಿನ ವರ್ಷ ಅರಸನ ಮಗಳ ಮದುವೆ. ಕೀರ್ತಿ ಹುಲಿಯ ಬೆನ್ನಿದ್ದಂತೆ, ಹತ್ತಿದವನಿಗೆ ಇಳಿಯಲು ಪುರುಸೊತ್ತು ಸಿಗುವುದಿಲ್ಲ. ಅದಕ್ಕಾಗಿ ಅಕ್ಕನನ್ನೇ ಕರೆತರಲು ಪಲ್ಲಕ್ಕಿ ಕಳಿಸಿದ. ಅಷ್ಟರಲ್ಲಿ ಅವಳಿಗೆ ಅದೇ ಊರಿನಲ್ಲಿ ಮದುವೆಯಾಗಿತ್ತು. ಬಾಣಂತಿ, ಬರಲಾಗುವುದಿಲ್ಲ ಎಂದು ಹೇಳಿಕಳಿಸಿದಳು. ಕೆಲವು ವರ್ಷ ಬಿಟ್ಟು ಮತ್ತೆ ಕಳಿಸಿದ. ಅತ್ತೆ ಹಾಸಿಗೆ ಹಿಡಿದಿದ್ದಾರೆ ಎಂದಳು. ಮೂರನೆಯ ಸಲ, ಮದುವೆ ಮನೆಯವರ ರಾಗಿ ಒಪ್ಪಿಕೊಂಡಿದ್ದೇನೆ, ಬೀಸಿ ಮುಗಿದಿಲ್ಲ ಎಂದಳು. ಪಲ್ಲಕ್ಕಿ ಮೂರು ಸಲವೂ ಖಾಲಿ ಬಂತು.

ನಾನು ಕರೆದೆ, ಅವಳು ಓಗೊಡಲಿಲ್ಲ ಎಂಬ ಮಾತು ಅವನ ಮನಸ್ಸಿನಲ್ಲಿ ಬೇರು ಬಿಟ್ಟಿತು. ಅರಮನೆಯ ಪಲ್ಲಕ್ಕಿಗಿಂತ ಪರರ ರಾಗಿ ಹೆಚ್ಚಾಯಿತೇ ಎಂದು ಕೊರಗಿದ. ನಾಲ್ಕನೆಯ ಸಲ ಕಳಿಸಲಿಲ್ಲ. ಕರೆದು ಕಾಯುವವನ ನೋವಿನ ಮೇಲೆ ನೂರು ಹಾಡು ಕಟ್ಟಿದ. ಒಂದಕ್ಕಿಂತ ಒಂದು ಚೆಂದ. ಕೇಳಿದವರು ಕಣ್ಣೊರೆಸಿಕೊಂಡರು. ಇಂಥವನಿಗೂ ಓಗೊಡದ ಆ ಕಲ್ಲೆದೆ ಯಾರದೋ ಎಂದು ಬೈದರು. ಬೈಸಿಕೊಂಡವಳು ಒಂಬತ್ತು ದಿನದ ದಾರಿಯಾಚೆ ರಾಗಿ ಬೀಸುತ್ತಿದ್ದಳು.

ಹೀಗೆ ನಲವತ್ತು ವರ್ಷ ಕಳೆಯಿತು. ಹಾಡುಗಾರನ ಗಂಟಲು ಕೈಕೊಡತೊಡಗಿತು. ಇನ್ನೊಂದು ಮಳೆಗಾಲ ದನಿ ಉಳಿದರೆ ಪುಣ್ಯ ಎಂದು ವೈದ್ಯ ಹೇಳಿದ. ಸಭೆ ಹೋಗುತ್ತದೆ, ಶಾಲು ಹೋಗುತ್ತದೆ ಎಂದು ಅವನು ಹೆದರಲಿಲ್ಲ. ಅವನಿಗಿದ್ದ ಭಯ ಬೇರೆ. ದನಿ ಹೋದ ಮೇಲೆ ಮೊದಲ ಸಾಲು ಹೇಳುವುದು ಹೇಗೆ? ಹೇಳದಿದ್ದರೆ ಅವಳಾದರೂ ಎತ್ತಿಕೊಳ್ಳುವುದು ಏನನ್ನು? ಸಾಯುವುದರೊಳಗೆ ಅಕ್ಕನ ಬಾಯಿಂದ ಆ ಒಂದು ಸಾಲು ಕೇಳಬೇಕು ಎಂದು ಜೀವ ತಹತಹಿಸಿತು. ಅರಸ ಬೇಡವೆಂದರೂ ನಿಲ್ಲದೆ ಆ ವಾರವೇ ಹೊರಟ.

ದಾರಿಯಲ್ಲಿ ಎಂಟು ದಿನ ಮಾತೇ ಆಡಲಿಲ್ಲ. ಇದ್ದಷ್ಟು ದನಿಯನ್ನು ಉಳಿಸಿಕೊಂಡ.

ಒಂಬತ್ತನೆಯ ದಿನ ಬೆಳಕು ಹರಿಯುವ ಮುಂಚೆ ಅಕ್ಕನ ಮನೆ ತಲುಪಿದ. ಮೊಮ್ಮಕ್ಕಳು ಒಳಗೆ ಮಲಗಿದ್ದರು. ತಲೆ ಬೆಳ್ಳಗಾದ ಅಕ್ಕ ನಡುಮನೆಯಲ್ಲಿ ಒಬ್ಬಳೇ ಬೀಸುತ್ತಿದ್ದಳು. ಅವನನ್ನು ಕಂಡು ಏಳಲಿಲ್ಲ, ಬೆರಗಾಗಲೂ ಇಲ್ಲ.

"ಬಂದ್ಯಾ? ಕಾಲು ತೊಳ್ಕೊಂಡು ಬಾ" ಎಂದಳು.

ಅವನು ಕಾಲು ತೊಳೆದು ಬಂದು ಎದುರಿಗೆ ಕೂತ. ಗೂಟಕ್ಕೆ ಕೈ ಹಾಕಿದ. ಕಲ್ಲು ತಿರುಗಿತು. ಉಳಿದಿದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ,

"ಬೆಳ್ಳಿ ಮೂಡೋ ಹೊತ್ತಿಗೆ ಬರುವೋರು ಯಾರಕ್ಕ?"

ಎಂದು ಹಾಡಿ ಸುಮ್ಮನಾದ. ಕಲ್ಲು ಒಂದು ಸುತ್ತು ಬಂತು. ಎರಡು ಸುತ್ತು ಬಂತು. ಅಕ್ಕ ಒಂದು ಹಿಡಿ ರಾಗಿ ಸುರಿದಳೇ ಹೊರತು ಬಾಯಿ ತೆರೆಯಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಎತ್ಕೊಳ್ಳಲ್ವೇನಕ್ಕಾ? ನಲವತ್ತು ವರ್ಷದಿಂದ ಕಾಯ್ತಾ ಇದೀನಿ."

"ಕಾಯ್ತಾ ಇರೋಳು ನಾನು ಕಣೋ" ಎಂದಳು ಅಕ್ಕ. "ನೀನು ಹೊರಟ ದಿನ ನಾನೊಂದು ಸಾಲು ಹೇಳಿದ್ದೆ. ಅದನ್ನ ನೀನಿನ್ನೂ ಎತ್ಕೊಂಡಿಲ್ಲ. ಅದು ಹಂಗೇ ನಿಂತಿರೋವಾಗ ಇನ್ನೊಂದಕ್ಕೆ ಹೆಂಗಪ್ಪಾ ಓಗೊಡ್ಲಿ?"

ಆಗ ಅವನಿಗೆ ನೆನಪಾಯಿತು. ಬಾಗಿಲಲ್ಲಿ ಬಂಡಿ ನಿಂತಿತ್ತು. ಅಕ್ಕ ಬೀಳ್ಕೊಡಲು ಹೊರಗೆ ಬಂದಿರಲಿಲ್ಲ. ಒಳಗೆ ಕಲ್ಲಿನ ಮುಂದೆ ಕೂತು, ಹುಟ್ಟಿದಂದಿನಿಂದ ಎಂದೂ ಇಲ್ಲದೆ, ಮೊದಲ ಸಾಲು ತಾನು ಹೇಳಿದ್ದಳು. ಅವನಿಗೆ ಅದು ಕೇಳಿಸಿತ್ತು. ಬಂಡಿಯವನು ಅವಸರ ಮಾಡುತ್ತಿದ್ದ. ಆಮೇಲೆ ಹೇಳಿದರಾಯಿತು ಎಂದುಕೊಂಡು ಬಂಡಿ ಹತ್ತಿದ್ದ. ಮೊದಲ ತಿರುವಿನಲ್ಲೇ ಅದು ಮರೆತೂ ಹೋಗಿತ್ತು.

ಅಕ್ಕ ಆ ಸಾಲನ್ನು ಮತ್ತೆ ಹಾಡಿದಳು. ಮುದಿ ದನಿ, ಆದರೆ ಶ್ರುತಿ ಅದೇ.

"ಹೊಸಲು ದಾಟೋ ತಮ್ಮ, ಹೊತ್ತೆಲ್ಲಿ ಮುಳುಗೀತೋ?"

ಹಾಡಿ, ಅವನ ಮುಖ ನೋಡುತ್ತ ಸುಮ್ಮನಾದಳು.

ಕಲ್ಲು ಒಂದು ಸುತ್ತು ಬಂತು. ಹಾಡುಗಾರ ಬಾಯಿ ತೆರೆದ. ನಾಡೆಲ್ಲ ಹಾಡುವ ಸಾವಿರ ಹಾಡು ಅವನಿಗೆ ಗೊತ್ತಿತ್ತು. ಎಲ್ಲವೂ ಅವನೇ ಶುರು ಮಾಡಿದ್ದು, ಅವನೇ ಮುಗಿಸಿದ್ದು. ಮತ್ತೊಬ್ಬರು ಶುರು ಮಾಡಿದ್ದಕ್ಕೆ ಓಗೊಡುವ ಸಾಲು ಅವನ ಬಳಿ ಒಂದೂ ಇರಲಿಲ್ಲ. ಹೊತ್ತು ಎಲ್ಲಿ ಮುಳುಗಿತು ಎಂದು ಹೇಳುವುದು? ಯಾವ ಊರು, ಯಾವ ಸಭೆ? ಮುಳುಗಿದ ಅಷ್ಟೂ ಹೊತ್ತು ಅವಳು ಇಲ್ಲಿ ಈ ಗೂಟ ಹಿಡಿದು ಕಿವಿಗೊಟ್ಟು ಕೂತಿದ್ದಳಲ್ಲ ಎಂದು ಅವನಿಗೆ ಆಗ ಹೊಳೆಯಿತು. ಕೂತಲ್ಲೇ ಅತ್ತುಬಿಟ್ಟ.

"ಅಳಬೇಡ, ಹಿಟ್ಟು ನೆನೀತದೆ" ಎಂದಳು ಅಕ್ಕ, ಗೂಟದ ಮೇಲಿನ ಅವನ ಕೈ ಬಿಡದೆ. "ನಿಧಾನವಾಗಿ ಹೇಳು. ರಾಗಿ ಇನ್ನೂ ಒಂದು ಮೊರ ಐತೆ."

ಗುರುಗಳು ಇಷ್ಟು ಹೇಳಿ ಹಚ್ಚಿದ ಎಲೆಯನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡರು.

ಕತೆ ಮುಂದುವರಿಯಲಿಲ್ಲ. "ಆಮೇಲಾದರೂ ಅವನು ಆ ಸಾಲು ಎತ್ತಿಕೊಂಡನೇ ಗುರುಗಳೇ?" ಎಂದು ಶಿಷ್ಯ ಕೇಳಿದ.

"ಅವನದಿರಲಿ, ಮೊದಲು ಕರೆದವನು ನೀನೇ ಎಂದು ನಿನಗೆ ಹೇಳಿದವರು ಯಾರು?" ಎಂದರು ಗುರುಗಳು.